ಕೆಮ್ಮಣ್ಣಿನ ಹಕ್ಕಿ ಸಾಲು: ಹೊಹೊಕಮ್ ಬಟ್ಟಲು ಮಾಡಿದ ನನ್ನ ಅನುಭವ

ಅಮೆರಿಕದ ಅರಿಜೋನಾ ರಾಜ್ಯದ ಹೀಲಾ ಮತ್ತು ಸಾಲ್ಟ್ ನದಿಗಳ ಬಯಲಲ್ಲಿ ಸುಮಾರು 1450ರವರೆಗೆ ಹೊಹೊಕಮ್ ಜನ ಬದುಕಿದ್ದರು. ಮರುಭೂಮಿಗೆ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದವರು. ಇಂದಿನ ಓಓದಮ್ ಜನ ಇವರನ್ನು ತಮ್ಮ ಪೂರ್ವಿಕರು ಅನ್ನುತ್ತಾರೆ. ತಿಳಿ ಕಂದು ಮೈಯ ಮೇಲೆ ಕೆಂಪು ಚಿತ್ರವಿರುವ ಇವರ ಮಡಕೆಗಳನ್ನು ಫೀನಿಕ್ಸ್‌ನ ಮ್ಯೂಸಿಯಂನಲ್ಲಿ ನೋಡಿದಾಗಿನಿಂದ ನನಗೆ ಇದೇ ಗುಂಗು.

ಇದಕ್ಕೆ ತಿಗರಿ ಬೇಡ. ಕೊಲಂಬಸ್‌ಗಿಂತ ಮುಂಚೆ ಅಮೆರಿಕದಲ್ಲಿ ಕುಂಬಾರರು ತಿಗರಿ ಬಳಸುತ್ತಲೇ ಇರಲಿಲ್ಲ. ಮಣ್ಣನ್ನು ಹಗ್ಗದ ಹಾಗೆ ಹೊಸೆದು ಸುತ್ತಿ ಏರಿಸುತ್ತೇನೆ. ಆಮೇಲೆ ಒಳಗೆ ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತೇನೆ. ನಮ್ಮ ಕಡೆ ಕುಂಬಾರರು ಗಡಿಗೆ ಬಡಿಯುವುದೂ ಹೀಗೇ ಅಲ್ವಾ? ಮಣ್ಣಿಗೆ ಅಭ್ರಕದ ಕಲ್ಲನ್ನು ಕುಟ್ಟಿ ಬೆರೆಸಬೇಕು. ಒಣಗುವಾಗ, ಸುಡುವಾಗ ಬಿರುಕು ಕಡಿಮೆ. ಹಳೆಯ ಬೋಕಿಗಳಲ್ಲಿ ಮಿನುಗುವುದೂ ಇದೇ ಕಾಗೆಬಂಗಾರ.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಚಿತ್ರ. ಕಬ್ಬಿಣದ ಅಂಶವಿರುವ ಕೆಂಪು ಕಲ್ಲನ್ನು ನೀರಲ್ಲಿ ನುಣ್ಣಗೆ ಅರೆಯುತ್ತೇನೆ. ಯುಕ್ಕಾ ಅನ್ನುವ ಮರುಭೂಮಿ ಗಿಡದ ಎಲೆಯ ತುದಿ ಜಗಿದು, ನಾರು ಬಿಡಿಸಿದರೆ ಕುಂಚ ಸಿದ್ಧ. ಹೊಹೊಕಮ್ ಬಟ್ಟಲುಗಳಲ್ಲಿ ಒಂದೇ ಪುಟ್ಟ ಚಿತ್ರ ಸಾಲುಸಾಲಾಗಿ ಬರುತ್ತದೆ. ಹಕ್ಕಿ, ಹಲ್ಲಿ, ಕೈ ಹಿಡಿದು ಕುಣಿಯುವ ಜನ. ಹತ್ತಿರದಿಂದ ನೋಡಿ, ಯಾವ ಎರಡು ಹಕ್ಕಿಯೂ ಒಂದೇ ಥರ ಇರುವುದಿಲ್ಲ. ಕೆಲವೇ ಗೀಟಿನಲ್ಲಿ ಒಂದು ಹಕ್ಕಿ ಮುಗಿಸಿ, ಕೈ ಮುಂದಕ್ಕೆ ಓಡಿರುವುದು ಕಾಣುತ್ತದೆ. ಅದಕ್ಕೇ ನಾನು ಪೆನ್ಸಿಲ್ ಗುರುತು ಹಾಕುವುದಿಲ್ಲ. ಮೊದಲು ಹಳೆಯ ಪೇಪರ್ ಮೇಲೆ ಕೈ ಪಳಗಿಸಿಕೊಂಡು, ಬಟ್ಟಲಿನ ಮೇಲೆ ನಿಲ್ಲಿಸದೆ ಎಳೆಯುತ್ತೇನೆ. ನಿಧಾನವಾಗಿ ತಿದ್ದಿದ ಹಕ್ಕಿ ಹಾರುವುದಿಲ್ಲ, ಸುಮ್ನೆ ಕೂತುಬಿಡುತ್ತದೆ.

ತಳದಲ್ಲಿ ನನ್ನ ಹೆಸರು, ವರ್ಷ ಕೊರೆಯುತ್ತೇನೆ. ಮುಂದೆ ಯಾರೂ ಇದನ್ನು ಹಳೆಯದು ಅಂತ ಮಾರಬಾರದು. ಮಾದರಿಗೆ ಮ್ಯೂಸಿಯಂ ಫೋಟೋ ಸಾಕು. ಇಲ್ಲಿನ ಸರ್ಕಾರಿ ಜಮೀನಿನಲ್ಲಿ ಬಿದ್ದಿರುವ ಬೋಕಿಯನ್ನು ಎತ್ತಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಅದು ಆ ಜನರ ಸೊತ್ತು, ಅಲ್ಲೇ ಇರಬೇಕು.

ಸುಡುವುದು ಬಯಲಲ್ಲೇ, ಸೌದೆಯಲ್ಲಿ. ಗಾಳಿ ಚೆನ್ನಾಗಿ ಆಡಬೇಕು. ಇಲ್ಲದಿದ್ದರೆ ಕೆಂಪು ಕಪ್ಪಾಗುತ್ತದೆ. ಈ ಮಣ್ಣಿನಲ್ಲಿ ಸುಣ್ಣದ ಅಂಶವಿದೆ, ಮೈಗೆ ತಿಳಿ ಬಣ್ಣ ಬರಲು ಅದೂ ಒಂದು ಕಾರಣ. ಆದರೆ ಉರಿ ಅತಿಯಾದರೆ ಅದೇ ಸುಣ್ಣ ಆಮೇಲೆ ತೇವ ಹೀರಿ ಉಬ್ಬುತ್ತದೆ, ಮೈಯಿಂದ ಚಕ್ಕೆ ಏಳುತ್ತದೆ. ಹಾಗಾಗಿ ಕೆಂಡ ಕೆಂಪಗಾದ ಮೇಲೆ ನಾನು ಹೊಸ ಸೌದೆ ಹಾಕುವುದಿಲ್ಲ.