ಟ್ಯಾಂಕಿಗೆ ರೇಡಿಯಂ ನಿಲ್ಲುವುದಿಲ್ಲ ಎಂದವರಿಗೆ

ಬುಲೆಟ್ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ರೇಡಿಯಂ, ಅಂದರೆ ಪ್ರಿಂಟ್ ಮಾಡಿ ಅಂಟಿಸುವ ವಿನೈಲ್ ಸ್ಟಿಕರ್ ಹಾಳೆ, ನಿಲ್ಲುವುದಿಲ್ಲ, ಅದಕ್ಕೆ ಪೇಂಟೇ ಗತಿ ಎಂದು ಕಲಬುರಗಿಯ ಅರ್ಧ ಸ್ಟಿಕರ್ ಅಂಗಡಿಗಳು ಈಗಲೂ ಹೇಳುತ್ತವೆ. ನಾನು ಅಂಟಿಸಿದ ಒಂದು ಟ್ಯಾಂಕು ಇಲ್ಲಿನ ಎರಡು ಬೇಸಿಗೆ ದಾಟಿದೆ. ಅಂಚಿಗೆ ಉಗುರು ಹಾಕಿ ಕೆರೆದರೂ ಏಳುವುದಿಲ್ಲ. ಇಷ್ಟು ಜಂಬ ಕೊಚ್ಚಿಕೊಳ್ಳುವ ಹಕ್ಕು ನನಗಿದೆ, ಏಕೆಂದರೆ ಇಲ್ಲಿಗೆ ಮುಟ್ಟುವಷ್ಟರಲ್ಲಿ ಹಾಳೆ, ವಾಪಸು ಕೊಟ್ಟ ಹಣ ಎಲ್ಲ ಸೇರಿ 18 ಸಾವಿರ ರೂಪಾಯಿಯಾದರೂ ಕೈಬಿಟ್ಟಿದೆ.

ಮೊದಲ ಸೋಲು ಶರಣಬಸವೇಶ್ವರ ಜಾತ್ರೆಯ ವಾರದ್ದು. ತೊಗರಿ ಮಿಲ್ಲಿನವರ ಹುಡುಗ ತೇರಿನ ದಿನಕ್ಕೆ ಗಾಡಿ ಬೇಕೆಂದು ಹಟ ಹಿಡಿದ. ಬೆಳಿಗ್ಗೆ ಪ್ರಿಂಟ್, ಮಧ್ಯಾಹ್ನ ಅದರ ಮೇಲೆ ಪಾರದರ್ಶಕ ಹಾಳೆಯ ಲ್ಯಾಮಿನೇಷನ್, ಸಂಜೆಗೆ ಅಂಟಿಸಿ ಮುಗಿಸಿದೆ. ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು ಎಳೆದಂತೆಲ್ಲ ಹಾಳೆ ಬಂತು. ಸುಕ್ಕಿಲ್ಲ, ಗುಳ್ಳೆಯಿಲ್ಲ. 1,400 ರೂಪಾಯಿ ಎಣಿಸಿಕೊಂಡೆ. ನಾಲ್ಕನೆಯ ದಿನ ಹುಡುಗ ಮುಖ ಊದಿಸಿಕೊಂಡು ಬಂದ. ಮೊಣಕಾಲು ತಾಗುವ ತಗ್ಗಿನಲ್ಲಿ ಹಾಳೆ ತಮಟೆಯ ಚರ್ಮದಂತೆ ಬಿಗಿದು ಮೇಲೆದ್ದಿತ್ತು. ಕೆಳ ಅಂಚು ಎರಡು ಬೆರಳಿನಷ್ಟು ಸರಿದು, ಬಯಲಾದ ಗಮ್ಮಿಗೆ ಧೂಳು ಮೆತ್ತಿ ಕಪ್ಪು ಪಟ್ಟಿ ಎದ್ದಿತ್ತು. ಆ ಗಮ್ ತೆಗೆಯಲು ಮೂರು ಗಂಟೆ ಹಿಡಿಯಿತು. ಪಕ್ಕದ ಅಂಗಡಿಯ ಹಳೆಯ ಪೇಂಟರ್ ಕಾಕಾ ಸ್ಟೂಲು ಹಾಕಿಕೊಂಡು ಕುಳಿತು ಪೂರ್ತಿ ನೋಡಿದರು. “ನಾನು ಹೇಳಿರಲಿಲ್ಲವೇ ತಮ್ಮಾ? ಉಬ್ಬಿಗೆ ಬ್ರಷ್ಷೇ ಸೈ” ಎಂದರು.

ಪ್ರಿಂಟ್ ಆದ ದಿನವೇ ಲ್ಯಾಮಿನೇಷನ್ ಮಾಡಿದ್ದು ಒಂದು ತಪ್ಪು. ಇಂಕನ್ನು ಕರಗಿಸಿದ ದ್ರವ, ಅಂದರೆ ಸಾಲ್ವೆಂಟ್, ಹಾಳೆಯೊಳಗೇ ಉಳಿದು ಗಮ್ಮನ್ನು ಮೆತ್ತಗೆ ಮಾಡುತ್ತದೆ. ಈಗ ಜಾತ್ರೆ ಇರಲಿ, ಮದುವೆ ಇರಲಿ, ಪ್ರಿಂಟನ್ನು ಸಡಿಲವಾಗಿ ಹರಡಿ ಒಂದು ಹಗಲು ಒಂದು ರಾತ್ರಿ ಬಿಡದೆ ಮುಟ್ಟುವುದಿಲ್ಲ. ಮುಂದಿನ ಟ್ಯಾಂಕಿಗೆ ಶಾಂಪೂ ನೀರು ಹೊಡೆದು ಅಂಟಿಸಿದೆ. ಸಪಾಟು ಬಾಗಿಲಿಗೆ ನಡೆಯುವ ಉಪಾಯ ಅದು. ಟ್ಯಾಂಕಿನ ತಗ್ಗಿನಲ್ಲಿ ನೀರು ಉಳಿಯಿತು, ಬಿಸಿಲಿಗೆ ಹೊಟ್ಟೆಯುಬ್ಬಿತು. ಗಮ್ಮಿನಲ್ಲಿ ಗಾಳಿ ಹೊರಹೋಗುವ ಗೆರೆಗಳಿರುವ ಹಾಳೆಗಂತೂ ನೀರು ತೋರಿಸಲೇ ಬಾರದು.

ದೊಡ್ಡ ತಪ್ಪು ಹಾಳೆಯದ್ದೇ. ನಾವು ದಿನವೂ ಬಳಸುವ ಅಗ್ಗದ ವಿನೈಲ್ ಚಪಾತಿಯ ಹಾಗೆ, ಲಟ್ಟಿಸಿ ಮಾಡಿದ್ದು. ಎಳೆದರೆ ಬರುತ್ತದೆ, ಬಿಟ್ಟರೆ ಹಿಟ್ಟಿನಂತೆ ಹಿಂದಕ್ಕೆ ಕುಗ್ಗುತ್ತದೆ. ಕಾಸ್ಟ್ ಹಾಳೆ ದೋಸೆಯ ಹಾಗೆ, ಹುಯ್ದು ಒಣಗಿಸಿದ್ದು. ಅದಕ್ಕೆ ಕುಗ್ಗುವ ಚಪಲ ಕಡಿಮೆ, ದಪ್ಪವೂ ಅಗ್ಗದ್ದರ ಅರ್ಧದಷ್ಟೇ. ಆದರೆ ಅಗ್ಗದ್ದು ಚದರ ಅಡಿಗೆ 35-40 ರೂಪಾಯಿಗೆ ಸಿಗುವಾಗ ಕಾಸ್ಟ್ ನನಗೆ ಹೈದರಾಬಾದಿನಿಂದ ತರಿಸಿ 160ರ ಆಸುಪಾಸು ಬಿತ್ತು. ಸೊಲ್ಲಾಪುರದಲ್ಲಿ ಕಾಸ್ಟ್ ಎಂದು ಕೊಟ್ಟ ಐದು ಮೀಟರ್ ಮನೆಗೆ ಬಂದು ನೋಡಿದರೆ ಚಪಾತಿಯೇ. ಹಾಳೆಯ ಬೆನ್ನ ಹಿಂದಿನ ಕಾಗದದ ಅಚ್ಚು ಓದದೆ ತಂದದ್ದು ನನ್ನ ತಪ್ಪು.

ಅಷ್ಟು ಬೆಲೆಯ ಹಾಳೆಯನ್ನು ಗಿರಾಕಿಯ ಟ್ಯಾಂಕಿನ ಮೇಲೆ ಕಲಿಯುವುದು ಬೇಡವೆಂದು ಮನೆಯ ಸ್ಟೀಲ್ ಕೊಡ ತಂದೆ. ಕೊಡದ ಹೊಟ್ಟೆ ಟ್ಯಾಂಕಿನ ಉಬ್ಬು, ಕೊರಳು ಮೊಣಕಾಲಿನ ತಗ್ಗು. ಹಾಳೆಯ ಮೇಲೆ ಮಾರ್ಕರ್‌ನಿಂದ ಒಂದೊಂದು ಸೆಂಟಿಮೀಟರಿನ ಚೌಕ ಎಳೆದು ಅಂಟಿಸಿದೆ. ಹೊಟ್ಟೆಯ ಮೇಲೆ ಚೌಕಗಳು ಚೌಕಗಳಾಗಿಯೇ ಉಳಿದವು. ಕೊರಳಿನ ಬಳಿ ಉದ್ದಕ್ಕೆ ಜಗ್ಗಿ ಇಟ್ಟಿಗೆಗಳಾದವು. ಕೊಡವನ್ನು ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಇಟ್ಟೆ. ಒಂದು ಸೆಂಟಿಮೀಟರ್ ಒಂದೂಕಾಲು ದಾಟಿದ ಕಡೆ ಮೂರನೆಯ ದಿನಕ್ಕೆ ಎದ್ದಿತು. ಸ್ವಲ್ಪವೇ ಜಗ್ಗಿದ ಕಡೆ ಹಾಗೇ ಇತ್ತು. ಹಾಳೆ ಎಲ್ಲಿ ಜಗ್ಗಿದೆಯೋ ಅಲ್ಲೇ ಬಿಡುತ್ತದೆ ಎಂದು ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಚೌಕ ಹಾಕಿ ನೋಡಿದ ಮೇಲೆ ಕೈಗೆ ಅರ್ಥವಾಯಿತು. ಕೊಡವನ್ನು ಹೆಂಡತಿ ಮತ್ತೆ ಒಳಗೆ ಸೇರಿಸಲಿಲ್ಲ.

ಅಲ್ಲಿಂದ ಕ್ರಮ ತಿರುಗಿಸಿದೆ. ಮೊದಲು ಉಬ್ಬಿನಿಂದ ಶುರುಮಾಡಿ ತಗ್ಗಿಗೆ ಎಳೆಯುತ್ತಿದ್ದೆ. ಈಗ ತಗ್ಗಿನ ತಳಕ್ಕೆ ಹಾಳೆಯನ್ನು ಸಡಿಲವಾಗಿ ಕೂರಿಸಿ, ಅಲ್ಲಿಂದ ಹೊರಕ್ಕೆ ಬರುತ್ತೇನೆ. ಸುಕ್ಕು ಬಂದರೆ ಎಳೆಯುವುದಿಲ್ಲ. ಎತ್ತಿ, ಬಿಸಿ ತೋರಿಸಿ, ಹಾಳೆ ತಾನೇ ಕುಗ್ಗಿ ನೇರವಾದ ಮೇಲೆ ಮತ್ತೆ ಕೂರಿಸುತ್ತೇನೆ. ಟ್ಯಾಂಕಿನ ಮೂಗಿನ ಕಡೆ ಎಷ್ಟು ಮಾಡಿದರೂ ಹಾಳೆ ಹೆಚ್ಚಾಗುತ್ತದೆ. ಅಲ್ಲಿ ಒಂದು ಕಡೆ ಕತ್ತರಿಸಿ ಜೋಡಿಸಲೇ ಬೇಕು. ಎಲ್ಲಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರುಮಾಡಿ ಎಂಟೂವರೆಗೆ ಮುಗಿಸುತ್ತೇನೆ. ಆಮೇಲೆ ತಗಡಿನ ಶೆಡ್ಡಿನಲ್ಲಿ ಗಮ್ ಮುಟ್ಟಿದ್ದೇ ತಡ ಕಚ್ಚಿಕೊಳ್ಳುತ್ತದೆ, ಎತ್ತಿ ಕೂರಿಸಲು ಬಿಡುವುದಿಲ್ಲ. ಇನ್ನೊಂದು, ಟ್ಯಾಂಕನ್ನು ಕಳಚಿ, ಖಾಲಿ ಮಾಡಿ, ತೊಳೆದು ಒಣಗಿಸದೆ ನಾನು ಹೀಟ್ ಗನ್ ಹಚ್ಚುವುದಿಲ್ಲ. ಆವಿ ಉಳಿದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಮೆಕ್ಯಾನಿಕ್‌ಗೆ ಅದಕ್ಕೇ 200 ರೂಪಾಯಿ ಕೊಡುತ್ತೇನೆ.

ಕೊನೆಯ ಬಿಸಿಯೇ ನಿಜವಾದ ಕೆಲಸ. ಕೂರಿಸಿ ಮುಗಿದ ಮೇಲೆ ಅಂಚು, ತಗ್ಗು, ಜಗ್ಗಿದ ಜಾಗ ಎಲ್ಲವನ್ನೂ ಮತ್ತೆ 95 ಡಿಗ್ರಿಯವರೆಗೆ ಕಾಯಿಸಬೇಕು. ಆಗ ಹಾಳೆ ತನ್ನ ಹಳೆಯ ಆಕಾರವನ್ನು ಮರೆಯುತ್ತದೆ. ಕೈಯಂದಾಜಿನಲ್ಲಿ ನಾನು ಕಾಯಿಸುತ್ತಿದ್ದದ್ದು 60-65 ಇರಬೇಕು. ಬಿಸಿಲಲ್ಲಿ ನಿಂತ ಟ್ಯಾಂಕೇ ಇಲ್ಲಿ ಅಷ್ಟು ಕಾಯುತ್ತದೆ, ಮತ್ತೆ ಹೇಗೆ ನಿಲ್ಲಬೇಕು? ಅಳೆಯಲು ಮೊದಲು ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ತಂದೆ. ಜ್ವರದ ಮಟ್ಟ ದಾಟಿದ ಕೂಡಲೇ ಅದು ಅಂಕಿ ತೋರಿಸುವುದನ್ನೇ ಬಿಟ್ಟಿತು. ಆಮೇಲೆ ಕಾರ್ಖಾನೆಯವರು ಬಳಸುವಂಥದ್ದನ್ನು 900 ರೂಪಾಯಿಗೆ ಕೊಂಡೆ. ಹೊಳೆಯುವ ಬರಿ ಸ್ಟೀಲಿನ ಮೇಲೆ ಅದು ಸುಳ್ಳು ಹೇಳುತ್ತದೆ, ವಿನೈಲ್ ಮೇಲೆ ಹಿಡಿದರೆ ನಂಬಬಹುದು. ಅಗ್ಗದ ಹಾಳೆಯನ್ನೂ 95ಕ್ಕೆ ಕಾಯಿಸಿ ನೋಡಿದೆ. ನಾಲ್ಕು ದಿನದ ಬದಲು ಮೂರು ವಾರ ನಿಂತಿತು, ಅಷ್ಟೇ.

ಈಗ ಒಂದು ಟ್ಯಾಂಕಿಗೆ 3,500 ಹೇಳುತ್ತೇನೆ, 3,000ಕ್ಕೆ ಇಳಿಯುತ್ತೇನೆ. ಹಾಳೆ, ಮೆಕ್ಯಾನಿಕ್, ಕರೆಂಟು ಕಳೆದು ಅರ್ಧ ಉಳಿಯುತ್ತದೆ. ಪೇಂಟರ್ ಕಾಕಾ ತಾವೇ ಎರಡು ಟ್ಯಾಂಕು ಕಳುಹಿಸಿದರು. ಕಮಿಷನ್ ಕೇಳುವಾಗ ಮಾತ್ರ ಬ್ರಷ್ಷಿನ ಮಾತು ಎತ್ತಲಿಲ್ಲ. ಟೆಂಪೊ ಟ್ರಾವೆಲರ್‌ನ ಮೂಗಿಗೂ ಇದೇ ಕ್ರಮ ನಡೆಯಿತು, ಆದರೆ ಎರಡು ಜೊತೆ ಕೈ ಬೇಕು. ಸೋತದ್ದು ಕಾರಿನ ತರಿತರಿ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮುಂದೆ. ಸ್ಪಿರಿಟ್ ಹಾಕಿ ಒರೆಸಿದೆ, ಗಮ್ ಹಿಡಿಯಲೆಂದು ಪ್ರೈಮರ್ ಹಚ್ಚಿದೆ, ಕಾಯಿಸಿದೆ. ಒಂದೇ ವಾರಕ್ಕೆ ಸಿಪ್ಪೆಯಂತೆ ಬಂತು. ಆ ಕೆಲಸ ಕೇಳಿಕೊಂಡು ಬಂದವರನ್ನು ಸದ್ಯಕ್ಕೆ ಕಾಕಾನ ಅಂಗಡಿಗೇ ಕಳುಹಿಸುತ್ತಿದ್ದೇನೆ.