ಮೆಟ್ರೋ ಹತ್ತಿರದ ಹಳೆಯ ಕಾಂಪ್ಲೆಕ್ಸ್ ಮರುನಿರ್ಮಾಣ: ನಿವಾಸಿಯ ಆಶಯವನ್ನು ಟೆಂಡರ್ ಷರತ್ತಾಗಿಸುವ ಬಗೆ

ಬೆಂಗಳೂರಿನ ಇಂದಿರಾನಗರ, ಕೋರಮಂಗಲ ಮೊದಲಾದ ಬಡಾವಣೆಗಳಲ್ಲಿರುವ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ವಾಣಿಜ್ಯ ಸಂಕೀರ್ಣಗಳಾದ ಬಿಡಿಎ ಕಾಂಪ್ಲೆಕ್ಸ್‌ಗಳನ್ನು ಕೆಡವಿ ಖಾಸಗಿ ಸಹಭಾಗಿತ್ವದಲ್ಲಿ ಹೊಸದಾಗಿ ಕಟ್ಟುವ ಪ್ರಸ್ತಾವ ಹಲವು ವರ್ಷಗಳಿಂದ ಚರ್ಚೆಯಲ್ಲಿದ್ದು, ಅಲ್ಲಿನ ನಿವಾಸಿಗಳು ಅದನ್ನು ವಿರೋಧಿಸಿದ್ದೂ ಉಂಟು. ಇಂದಿರಾನಗರದ ನಿವಾಸಿಯಾದ ನನಗೆ ಹಳೆಯ ಕಟ್ಟಡ ಹಾಗೆಯೇ ಉಳಿಯಬೇಕೆಂಬ ಹಟವಿಲ್ಲ. ಕೆಳಗೆ ದಿನಬಳಕೆಯ ಅಂಗಡಿಗಳು, ಮೇಲೆ ಮನೆಗಳು ಮತ್ತು ಕಚೇರಿಗಳು, ನಡೆದು ತಲುಪುವ ದೂರದಲ್ಲಿ ಮೆಟ್ರೋ, ಇಷ್ಟು ಕೂಡಿಬಂದರೆ ಬಡಾವಣೆಗೆ ಒಳ್ಳೆಯದೇ. ಆದರೆ ‘ಜನಸ್ನೇಹಿಯಾಗಿರಲಿ’, ‘ಹಸಿರಾಗಿರಲಿ’ ಎಂದು ಬರೆದುಕೊಟ್ಟ ಮನವಿ ಕಡತದೊಳಗೇ ಉಳಿದುಹೋಗುತ್ತದೆ. ಅಳತೆಯಿರುವ ಮಾತು ಮಾತ್ರ ಟೆಂಡರ್ ದಾಖಲೆಯ ಷರತ್ತಾಗಬಲ್ಲದು. ಅಂತಹ ಮನವಿಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು, ಈಗ ಏನಿದೆ ಎಂಬುದನ್ನು ದಾಖಲಿಸಿಕೊಳ್ಳಿ. ಒಂದು ಕೆಲಸದ ದಿನ ಮತ್ತು ಒಂದು ಭಾನುವಾರ ಪುಸ್ತಕ ಹಿಡಿದು ಕಾಂಪ್ಲೆಕ್ಸಿಗೆ ಹೋಗಿ, ಪ್ರತಿ ಅಂಗಡಿಯ ಕಸುಬು, ಮಹಡಿ ಮತ್ತು ಅಂದಾಜು ಅಗಲವನ್ನು ಬರೆದುಕೊಳ್ಳಿ. ದರ್ಜಿ, ಬೀಗದ ಕೈ ಮಾಡುವವರು, ಜೆರಾಕ್ಸ್ ಅಂಗಡಿ, ಔಷಧದ ಅಂಗಡಿ, ಹಾಲಿನ ಬೂತು, ಗೇಟಿನ ಹೊರಗೆ ಕೂರುವ ಹೂವಿನವರು ಮತ್ತು ಎಳನೀರಿನವರು, ಯಾರನ್ನೂ ಬಿಡಬೇಡಿ. ಹೊಸ ಕಟ್ಟಡದ ನಕ್ಷೆ ಬರೆಯುವವರಿಗೆ ಇವರೆಲ್ಲ ‘ವಾಣಿಜ್ಯ ಜಾಗ’ ಎಂಬ ಒಂದೇ ಪದದಲ್ಲಿ ಕಾಣೆಯಾಗಿಬಿಡುತ್ತಾರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಗೇಟಿನ ಬಳಿ ನಿಂತು, ನಡೆದು ಬಂದವರೆಷ್ಟು, ದ್ವಿಚಕ್ರ ವಾಹನದಲ್ಲಿ ಬಂದವರೆಷ್ಟು, ಕಾರಿನಲ್ಲಿ ಬಂದವರೆಷ್ಟು ಎಂದು ಎಣಿಸಿ. ವಾಹನ ನಿಲುಗಡೆಯ ವಾದ ಮುಂದೆ ಬಂದೇ ಬರುತ್ತದೆ; ಆಗ ನಿಮ್ಮ ಕೈಯಲ್ಲಿ ಲೆಕ್ಕವಿರಬೇಕು.

ಅನಂತರ ಮೆಟ್ರೋ ನಿಲ್ದಾಣದಿಂದ ಕಾಂಪ್ಲೆಕ್ಸಿನವರೆಗೆ ನಡೆಯಿರಿ, ಸಾಧ್ಯವಾದರೆ ಹಿರಿಯರೊಬ್ಬರ ಜೊತೆ. ಕೇಂದ್ರ ಸರ್ಕಾರದ 2017ರ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯು ನಿಲ್ದಾಣದ ಸುತ್ತ 500ರಿಂದ 800 ಮೀಟರ್, ಅಂದರೆ 10-12 ನಿಮಿಷದ ನಡಿಗೆಯ ವ್ಯಾಪ್ತಿಯನ್ನು ಪ್ರಭಾವ ವಲಯವೆಂದು ಪರಿಗಣಿಸುತ್ತದೆ. ನಕ್ಷೆಯ ಮೇಲೆ ಆರುನೂರು ಮೀಟರ್ ಎಂದು ಕಾಣುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಬ, ಕಿತ್ತುಹೋದ ಕಲ್ಲು, ಫುಟ್‌ಪಾತ್ ಏರಿ ನಿಂತ ಬೈಕು ಎದುರಾದಾಗ ಆ ಹತ್ತು ನಿಮಿಷ ಹೇಗೆ ಇಪ್ಪತ್ತಾಗುತ್ತದೆ ಎಂಬುದು ಮೊಣಕಾಲು ನೋವಿರುವವರ ಜೊತೆ ನಡೆದಾಗಲೇ ತಿಳಿಯುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಟೇಪು ಹಿಡಿದು ಅಳೆದು, ಅದಕ್ಕಿಂತ ಕಿರಿದಾದ ಪ್ರತಿ ಜಾಗದ ಫೋಟೋ ತೆಗೆದಿಡಿ. ಇಂದಿರಾನಗರಕ್ಕೆ ಮೆಟ್ರೋ ಬಂದದ್ದು 2011ರ ಅಕ್ಟೋಬರ್ 20ರಂದು. ಅದಕ್ಕೂ ಮುನ್ನ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಆ ಮಾರ್ಗದ ವಿರುದ್ಧ ಹೋರಾಡಿದ್ದರು. ಆ ನೆನಪಿರುವ ವ್ಯಾಪಾರಿಗಳಿಗೆ ‘ಅಭಿವೃದ್ಧಿ’ ಎಂಬ ಮಾತು ಕೇಳಿದೊಡನೆ ಅನುಮಾನ ಮೂಡಿದರೆ ಅದನ್ನು ತಪ್ಪೆನ್ನಲಾಗದು.

ಮೂರನೆಯದು ಕಾಗದಪತ್ರ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಬಿಡಿಎಗೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ನಿರಾಕರಿಸಲು ಸುಲಭದ ಕಾರಣವನ್ನು ನೀವೇ ಒದಗಿಸಿದಂತಾಗುತ್ತದೆ. ಗುತ್ತಿಗೆಯ ಅವಧಿ ಮತ್ತು ಆದಾಯ ಹಂಚಿಕೆಗೆ ಒಂದು ಅರ್ಜಿ, ಸಂಚಾರ ಅಧ್ಯಯನಕ್ಕೆ ಒಂದು, ಈಗಿನ ಮಳಿಗೆದಾರರ ಪಟ್ಟಿಗೆ ಇನ್ನೊಂದು, ಹೀಗೆ ಬೇರೆ ಬೇರೆಯಾಗಿ ಹಾಕಿ.

ಎಷ್ಟು ಎತ್ತರ ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿರುವುದು ಎಫ್‌ಎಆರ್ ಎಂಬ ಅಂಕಿಯಲ್ಲಿ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬುದೇ ಅದರ ಅರ್ಥ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳು ಮೆಟ್ರೋ ನಿಲ್ದಾಣದಿಂದ 150 ಮೀಟರ್ ಒಳಗಿನ ನಿವೇಶನಗಳಿಗೆ 4ರವರೆಗೆ ಅವಕಾಶ ಕೊಟ್ಟಿದ್ದವು. ಅಂದರೆ 1,000 ಚದರ ಮೀಟರ್ ಜಾಗದಲ್ಲಿ 4,000 ಚದರ ಮೀಟರ್ ಕಟ್ಟಡ. ನಿಮ್ಮ ಕಾಂಪ್ಲೆಕ್ಸಿಗೆ ಯಾವ ಅಂಕಿಯನ್ನು, ಯಾವ ನಿಯಮದಡಿ ಅನ್ವಯಿಸಿದ್ದಾರೆ, ದೂರವನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಎಂದು ಲಿಖಿತವಾಗಿ ಕೇಳಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಪರಿಸರ ಇಲಾಖೆಯ ಸಾರ್ವಜನಿಕ ವಿಚಾರಣೆ ನಡೆದಾಗ ಮಾತನಾಡೋಣವೆಂದು ಕಾಯಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕಾದರೂ, ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿಯಿದೆ. ಆ ಅನುಮತಿ ಕೋರಿದ ಅರ್ಜಿಯ ವಿವರಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೀವೇ ಹುಡುಕಿಕೊಳ್ಳಬೇಕು. ಮರಗಳ ವಿಷಯದಲ್ಲಿ ಸ್ವಲ್ಪ ಮೇಲು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು.

ಈಗ ಬರವಣಿಗೆ. ಪ್ರತಿ ಆಶಯಕ್ಕೂ ‘ಯಾರು, ಎಷ್ಟು, ಯಾವಾಗ, ತಪ್ಪಿದರೆ ಏನು’ ಎಂಬ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ‘ಹಳೆಯ ವ್ಯಾಪಾರಿಗಳಿಗೆ ಅನ್ಯಾಯವಾಗಬಾರದು’ ಎಂಬ ವಾಕ್ಯದ ಬದಲು ಹೀಗೆ ಬರೆಯಬಹುದು: ‘ಕಟ್ಟಡ ಕೆಡವುವ ಮುನ್ನ ಈಗಿನ ಎಲ್ಲ ಮಳಿಗೆದಾರರಿಗೆ ನಡಿಗೆಯ ದೂರದಲ್ಲಿ ತಾತ್ಕಾಲಿಕ ಮಳಿಗೆ ಒದಗಿಸಬೇಕು, ಹೊಸ ಕಟ್ಟಡದ ನೆಲಮಹಡಿಯಲ್ಲಿ ಈಗಿನಷ್ಟೇ ಅಳತೆಯ ಮಳಿಗೆಯನ್ನು ಅವರಿಗೆ ಮೊದಲು ಹಂಚಬೇಕು, ಮೊದಲ ಐದು ವರ್ಷಗಳ ಬಾಡಿಗೆ ಏರಿಕೆಗೆ ಮಿತಿಯನ್ನು ಕರಾರಿನಲ್ಲೇ ನಮೂದಿಸಬೇಕು, ವಿಳಂಬವಾದ ಪ್ರತಿ ತಿಂಗಳಿಗೆ ನಿರ್ಮಾಣದಾರರು ದಂಡ ತೆರಬೇಕು.’ ಸಣ್ಣ ಮಳಿಗೆಗಳಿಗೆ ನೆಲಮಹಡಿಯಲ್ಲಿ ಎಷ್ಟು ಪಾಲು ಎಂಬುದನ್ನು ನಿಮ್ಮ ಎಣಿಕೆಯ ಆಧಾರದಲ್ಲೇ ಕೇಳಿ. ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್ ಅಡಿಯಲ್ಲಿ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ ಕಟ್ಟಿದ ಟಿಟಿಎಂಸಿ ಎಂಬ ಬಸ್ ನಿಲ್ದಾಣ ಸಂಕೀರ್ಣಗಳಲ್ಲಿ ಕೆಳಗೆ ಬಸ್ಸು, ಮೇಲೆ ವ್ಯಾಪಾರ ಎಂಬ ಆಲೋಚನೆ ಚೆನ್ನಾಗಿಯೇ ಇತ್ತು. ಆದರೂ ಹಲವೆಡೆ ಮಳಿಗೆಗಳು ಬಹುಕಾಲ ಬಾಡಿಗೆಗೆ ಹೋಗದೆ ಖಾಲಿ ಉಳಿದವು. ಒಂದಿಡೀ ಮಹಡಿಯನ್ನು ದೊಡ್ಡ ಮಳಿಗೆಗೆಂದು ಕಾಯ್ದಿರಿಸುವುದಕ್ಕಿಂತ, ಬೀದಿಗೆ ಬಾಗಿಲು ತೆರೆಯುವ ಹತ್ತಡಿ ಅಗಲದ ಅಂಗಡಿಗಳು ಹೆಚ್ಚು ಬಾಳುತ್ತವೆ ಎಂಬುದು ನನ್ನ ಅನಿಸಿಕೆ.

ಮೇಲಿನ ಮಹಡಿಗಳಲ್ಲಿ ಮನೆಗಳಿದ್ದರೆ ಒಂದು ಪಾಲು ಕಡಿಮೆ ಆದಾಯದವರಿಗೆ ಎಟಕುವಂತಿರಬೇಕೆಂದು ಕೇಳಲು ಹಿಂಜರಿಯಬೇಡಿ. 2017ರ ಕೇಂದ್ರ ನೀತಿಯೇ ಪ್ರಭಾವ ವಲಯದಲ್ಲಿ ಶೇಕಡ 30ರಷ್ಟು ಪಾಲನ್ನು ಕೈಗೆಟಕುವ ವಸತಿಗೆ ಸೂಚಿಸಿದೆ. ಅಂಗಡಿಯಲ್ಲಿ ದುಡಿಯುವ ಹುಡುಗ ಎರಡು ಬಸ್ಸು ಬದಲಾಯಿಸಿ ಬರಬೇಕಾದರೆ ಮೆಟ್ರೋ ಪಕ್ಕದ ವಸತಿಯಿಂದ ಪ್ರಯೋಜನವೇನು? ಬೀದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕಾಯ್ದೆಯನ್ನು ಉಲ್ಲೇಖಿಸಿ: ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕಡ್ಡಾಯ, ಪಟ್ಟಣ ವ್ಯಾಪಾರ ಸಮಿತಿಯ ಅಭಿಪ್ರಾಯವೂ ಬೇಕು. ಇವನ್ನೂ ಷರತ್ತಾಗಿ ಕೇಳಿ: ಇಳಿಜಾರು ದಾರಿ ಒಂದಕ್ಕೆ ಹನ್ನೆರಡರ ಅನುಪಾತದಲ್ಲಿರಬೇಕು (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ), ನೆಲಮಹಡಿಯಲ್ಲಿ ಸಾರ್ವಜನಿಕ ಶೌಚಾಲಯವಿರಬೇಕು, ಕಾಂಪ್ಲೆಕ್ಸಿನ ಮೂಲಕ ಹಾದುಹೋಗುವ ಕಾಲುದಾರಿ ಮೊದಲ ಮೆಟ್ರೋ ರೈಲಿನಿಂದ ಕೊನೆಯ ರೈಲಿನವರೆಗೆ ತೆರೆದಿರಬೇಕು. ತಾರಸಿಯಲ್ಲಿ ಪಬ್ಬು ಬರುವ ಭಯವಿದ್ದರೆ ಸಂಸ್ಕೃತಿಯ ಭಾಷಣ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬಲ್ ಎಂಬ ನಿಯಮವನ್ನು ಕರಾರಿನಲ್ಲಿ ಸೇರಿಸಿ ಎಂದರೆ ಸಾಕು.

ವಾಹನ ನಿಲುಗಡೆಯಲ್ಲಿ ನನ್ನ ನಿಲುವು ನೆರೆಯವರಿಗೆ ಹಿಡಿಸುವುದಿಲ್ಲ. ಕಾರುಗಳಿಗೆ ಮೂರು ನೆಲಮಾಳಿಗೆ ಕಟ್ಟಿಸಿಕೊಂಡರೆ ಅಷ್ಟೂ ಕಾರುಗಳು ನಮ್ಮ ಅಡ್ಡರಸ್ತೆಗಳಲ್ಲೇ ಬಂದುಹೋಗಬೇಕು. ಆದ್ದರಿಂದ ಹೆಚ್ಚು ನಿಲುಗಡೆಯ ಬದಲು ಸೈಕಲ್ ನಿಲ್ದಾಣ, ಆಟೋ ನಿಲ್ಲಲು ಜಾಗ, ಮೆಟ್ರೋ ನಿಲ್ದಾಣಕ್ಕೆ ಜನರನ್ನು ತಲುಪಿಸುವ ಫೀಡರ್ ಬಸ್ಸಿಗೆ ತಂಗುದಾಣ ಕೇಳುವುದೇ ಮೇಲು.

ಮನವಿಗೆ ವ್ಯಾಪಾರಿಗಳ ಸಹಿಯನ್ನೂ ಪಡೆಯಿರಿ. ನಿವಾಸಿಗಳ ಸಂಘದ ಸಹಿ ಮಾತ್ರವಿದ್ದರೆ ಎರಡು ಬಣಗಳ ಜಗಳವೆಂದು ಬದಿಗೆ ಸರಿಸುವುದು ಸುಲಭ. ಟೆಂಡರ್ ಕರೆಯುವ ಮುನ್ನವೇ ಸಲ್ಲಿಸುವುದು ಉತ್ತಮ. ಆಗಲೇ ಕರೆದಿದ್ದರೆ, ಗುತ್ತಿಗೆಗೆ ಸ್ಪರ್ಧಿಸುವವರೊಂದಿಗೆ ನಡೆಸುವ ಬಿಡ್ ಪೂರ್ವ ಸಭೆಯ ದಿನಾಂಕಕ್ಕಿಂತ ಮೊದಲು ತಲುಪಿಸಿ, ಏಕೆಂದರೆ ದಾಖಲೆಗೆ ತಿದ್ದುಪಡಿ ತರಲು ಹಾದಿ ತೆರೆದಿರುವುದು ಹೆಚ್ಚಾಗಿ ಅಲ್ಲಿಯವರೆಗೆ ಮಾತ್ರ. ಮೂಲಪ್ರತಿಯನ್ನು ಟಿ. ಚೌಡಯ್ಯ ರಸ್ತೆಯ ಬಿಡಿಎ ಕೇಂದ್ರ ಕಚೇರಿಗೂ, ಪ್ರತಿಗಳನ್ನು ಮೆಟ್ರೋ ನಿಗಮವಾದ ಬಿಎಂಆರ್‌ಸಿಎಲ್, ಬಿಎಂಟಿಸಿ ಮತ್ತು ಕ್ಷೇತ್ರದ ಶಾಸಕರಿಗೂ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಸಹಿ ಮೂರೂ ಬೀಳುವವರೆಗೆ ಟಪಾಲು ಕೌಂಟರ್ ಬಿಟ್ಟು ಕದಲಬೇಡಿ. ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಆ ದಿನಾಂಕವನ್ನೇ ನಮೂದಿಸಿ, ಮನವಿಯ ಮೇಲೆ ಕೈಗೊಂಡ ಕ್ರಮದ ಕಡತ ಟಿಪ್ಪಣಿಯ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿ.