ಕಡಲ ದಂಡೆಯ ಮಿಕ್ಸ್ ಬಯಲಿಗೆ ಒಗ್ಗಲಿಲ್ಲ

ಸ್ಲ್ಯಾಬ್ ಹಾಕಿ ಎರಡು ಗಂಟೆ ಆಗಿತ್ತಷ್ಟೆ. ಮೇಸ್ತ್ರಿ ಬಂದು, "ಸಾರ್, ಒಂದ್ಸಲ ಮೇಲೆ ಬನ್ನಿ" ಅಂದರು. ದನಿ ಕೇಳಿದಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು.

ಮೇಲೆ ಕೂದಲೆಳೆಯಂಥ ಬಿರುಕುಗಳು. ಕಂಬಿಯ ಸಾಲು ಹಿಡಿದು ಬಂದಿದ್ದರೆ ಕಾಂಕ್ರೀಟು ಕೆಳಗೆ ಕೂತಿದೆ ಅನ್ನಬಹುದಿತ್ತು. ಇವು ಓರೆಯಾಗಿ, ಒಂದರ ಪಕ್ಕ ಒಂದು ಎದ್ದಿದ್ದವು. ಗಾಳಿ ಬರುವ ಕಡೆ ಜಾಸ್ತಿ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಮೇಲೆ ತೆಳುವಾದ ಹೊಪ್ಪಳೆ, ಕೆಳಗೆ ಇನ್ನೂ ಹಸಿ.

ತಪ್ಪು ನನ್ನದೇ. ಇಲ್ಲಿ ಹಾಕಿದ ಕಾಂಕ್ರೀಟಿನ ಮಿಕ್ಸ್ ಹಿಂದಿನ ಸೈಟಿನಲ್ಲಿ ನನಗೆ ಒಳ್ಳೆ ಹೆಸರು ತಂದಿತ್ತು. ಅದು ಕಡಲ ದಂಡೆ. ಸಿಮೆಂಟಿನಲ್ಲಿ ಅರ್ಧ ತೆಗೆದು ಸ್ಲ್ಯಾಗ್, ಅಂದರೆ ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ, ಹಾಕಿದ್ದೆವು. ಒಂದು ಟನ್ ಮಾಮೂಲಿ ಸಿಮೆಂಟಿಗೆ ಹೆಚ್ಚುಕಡಿಮೆ 800-900 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸುಣ್ಣದಕಲ್ಲಿನಿಂದಲೇ, ಗೂಡಿನ ಇಂಧನದಿಂದಲ್ಲ. ಹಾಗಾಗಿ ಸಿಮೆಂಟು ಕಡಿಮೆ ಮಾಡದೆ ಬೇರೆ ದಾರಿ ಕಡಿಮೆ. ಮೇಲಾಗಿ ಸ್ಲ್ಯಾಗ್ ಬೆರೆತ ಕಾಂಕ್ರೀಟಿನೊಳಗೆ ಉಪ್ಪು ಸುಲಭಕ್ಕೆ ಇಳಿಯುವುದಿಲ್ಲ, ಕಂಬಿಗೆ ತುಕ್ಕು ತಡವಾಗಿ ಹಿಡಿಯುತ್ತದೆ. ಅಲ್ಲಿನ ಗಾಳಿಯೂ ತೇವ. ಕ್ಯೂರಿಂಗಿನಲ್ಲಿ, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿ ಇಡುವುದರಲ್ಲಿ, ಒಂಚೂರು ಅಸಡ್ಡೆ ಮಾಡಿದರೂ ನಡೆದುಹೋಗುತ್ತಿತ್ತು.

ಈ ಸೈಟು ಬಿಸಿಲ ಬಯಲು. ಮಧ್ಯಾಹ್ನ ಒಣಗಾಳಿ. ಸ್ಲ್ಯಾಗ್ ಜಾಸ್ತಿ ಇದ್ದರೆ ಕಾಂಕ್ರೀಟು ನಿಧಾನ ಬಿಗಿಯುತ್ತದೆ, ಅಂದರೆ ಅಷ್ಟು ಹೊತ್ತು ಹಸಿ ಮೈ ಗಾಳಿಗೆ ಒಡ್ಡಿಕೊಂಡಿರುತ್ತದೆ. ಚದರ ಮೀಟರಿಗೆ ಗಂಟೆಗೆ ಒಂದು ಕಿಲೋ ನೀರು ಆರುವ ಮಟ್ಟ ತಲುಪಿದರೆ ಇಂಥ ಬಿರುಕಿನ ಅಪಾಯ ಜೋರು ಅಂತ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಸ್ಲ್ಯಾಬಿನ ಮೇಲೆ ಇರಲಿಲ್ಲ! ಇಲ್ಲಿ ಉಪ್ಪಿನ ಕಾಟವೂ ಇಲ್ಲ. ಯಾವ ಕಾಯಿಲೆಗೆ ಈ ಔಷಧಿ ಅಂತ ನಾನು ಕೇಳಿಕೊಂಡೇ ಇರಲಿಲ್ಲ.

ಅವತ್ತು ಮತ್ತೆ ಕರಣೆ ಆಡಿಸಿ ಆದಷ್ಟು ಮುಚ್ಚಿದೆವು. ಉಳಿದವಕ್ಕೆ ಆಮೇಲೆ ಎಪಾಕ್ಸಿ ಅಂಟು ತುಂಬಿದೆವು. "ಮುಂದಿನ ಸಲ ಎರಡು ಚೀಲ ಸಿಮೆಂಟು ಜಾಸ್ತಿ ಹಾಕಿ" ಅಂತ ಸಲಹೆ ಕೊಟ್ಟವರು ಬಹಳ. ಎಲ್ಲಾ ರೋಗಕ್ಕೂ ಅದೇ ಮಾತ್ರೆ ಅವರದ್ದು. ಸಿಮೆಂಟು ಜಾಸ್ತಿಯಾದರೆ ಬಿಸಿಯೂ ಜಾಸ್ತಿ, ಬಿರುಕೂ ಜಾಸ್ತಿ.

ಸ್ಲ್ಯಾಗನ್ನು ಪೂರ್ತಿ ಬಿಡಲಿಲ್ಲ. ಅಡಿಪಾಯಕ್ಕೆ ಅರ್ಧಕ್ಕರ್ಧವೇ ಉಳಿಸಿಕೊಂಡೆವು. ನೆಲದೊಳಗೆ ಗಾಳಿ ಇಲ್ಲ, ಅವಸರವೂ ಇಲ್ಲ. ಡಿಸೈನರ್ ಒಪ್ಪಿದ ಮೇಲೆ, ಗಟ್ಟಿತನ ನೋಡಲು ಅದೇ ಕಾಂಕ್ರೀಟಿನಲ್ಲಿ ಮಾಡಿಟ್ಟ ಕ್ಯೂಬ್‌ಗಳನ್ನು 28 ದಿನಕ್ಕಲ್ಲ, 56 ದಿನಕ್ಕೆ ಒಡೆದು ನೋಡಿದೆವು. ಸ್ಲ್ಯಾಬಿಗೆ ಮಾತ್ರ 25 ಪರ್ಸೆಂಟಿಗೆ ಇಳಿಸಿದೆ. ಜೆಲ್ಲಿಗೆ ನೆರಳು ಮಾಡಿಸಿದೆ. ಕಾಂಕ್ರೀಟು ಸಂಜೆ ಹೊತ್ತಿಗೆ. ಗಾಳಿ ಕಡೆಗೆ ಪರದೆ.

ನೀರಿನದು ಬೇರೆ ತಲೆನೋವು. ಸ್ಲ್ಯಾಗ್ ಇದ್ದರೆ ಕ್ಯೂರಿಂಗ್ ಜಾಸ್ತಿ ದಿನ ಬೇಕು, ನೀರು ಬರುವುದು ಟ್ಯಾಂಕರಿನಲ್ಲಿ. ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಅರ್ಧ ಆವಿಯಾಗಿ ಹೋಗುತ್ತದೆ. ಕಾರ್ಬನ್ ಉಳಿಸುತ್ತೇನೆ ಅಂತ ಹೊರಟು ನೀರು ಚೆಲ್ಲುವುದು ಯಾವ ನ್ಯಾಯ, ಅಲ್ವಾ? ಒದ್ದೆ ಗೋಣಿಚೀಲ ಹಾಸಿ, ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿದೆವು.

ಸ್ಲ್ಯಾಗ್ ದೂರದಿಂದ ಬರುತ್ತಿತ್ತು, "ಲಾರಿ ಹೊಗೆ ಏನು ಕಡಿಮೆಯೇ?" ಅಂತ ಒಬ್ಬರು ಕೊಂಕು ತೆಗೆದರು. ಲೆಕ್ಕ ಹಾಕಿದೆ. ಒಂದು ಟನ್ನನ್ನು ಒಂದು ಕಿಲೋಮೀಟರ್ ಸಾಗಿಸಲು ಸುಮಾರು 100 ಗ್ರಾಂ ಅಂತ ಹಿಡಿದರೂ, 500 ಕಿಲೋಮೀಟರಿಗೆ ಟನ್ನಿಗೆ 50 ಕಿಲೋ. ಉಳಿತಾಯದ ಮುಂದೆ ಅದು ಚಿಲ್ಲರೆ. ಸಾಗಾಟದಲ್ಲಿ ಹೊಡೆತ ಕೊಡುವುದು ಜೆಲ್ಲಿ-ಮರಳು. ಒಂದು ಘನ ಮೀಟರ್ ಕಾಂಕ್ರೀಟಿಗೆ 1.8 ಟನ್ ಹತ್ತಿರ ಬೇಕು. ಅದನ್ನು ಹತ್ತಿರದ ಕ್ವಾರಿಯಿಂದಲೇ ತಂದೆವು. ಕಲ್ಲು ಸ್ವಲ್ಪ ಚಪ್ಪಟೆ ಇತ್ತು. ಮಿಕ್ಸನ್ನೇ ಅದಕ್ಕೆ ಹೊಂದಿಸಿಕೊಂಡೆವು.

ಮುಂದಿನ ಸ್ಲ್ಯಾಬ್ ಹಾಕಿದ ಮರುದಿನ ಬೆಳಿಗ್ಗೆ ಮೇಸ್ತ್ರಿಯೇ ಶೀಟ್ ಎತ್ತಿ ತೋರಿಸಿದರು. ಒಳಗೆಲ್ಲ ಹನಿ ಕಟ್ಟಿತ್ತು, ಕಾಂಕ್ರೀಟು ಕಪ್ಪಗೆ ತೇವವಾಗಿತ್ತು. ಬಿರುಕು ಇದ್ದದ್ದು ಒಂದೇ ಮೂಲೆಯಲ್ಲಿ. ರಾತ್ರಿ ಗಾಳಿಗೆ ಅಲ್ಲಿ ಶೀಟ್ ಎದ್ದುಹೋಗಿತ್ತು.